ಮುಖಕ್ಕೆ ಬಾಯಿಯೂ ಇದೆ

ಮದುವೆಗೋ ಗೃಹಪ್ರವೇಶಕ್ಕೋ ಹೋಗಲು ಬೇಸರಪಟ್ಟುಕೊಂಡರೆ ನಮ್ಮಜ್ಜಿ ಹೇಳುತ್ತಿದ್ದುದು ಒಂದೇ ಮಾತು: "ಊಟಕ್ಕೆ ನಿಲ್ಲದಿದ್ರೂ ಚಿಂತೆಯಿಲ್ಲ, ಮುಖ ತೋರಿಸಿ ಬಂದ್ಬಿಡು." ಹೋಗುತ್ತಿದ್ದೆ. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಡುತ್ತಿದ್ದರು. ಒಳಗೆ ಯಾರೋ ದೊಡ್ಡಮ್ಮ ಕೈ ಹಿಡಿದು ನಿಲ್ಲಿಸಿ, "ಅಜ್ಜಿ ಮಂಡಿನೋವು ಹೇಗಿದೆಯೋ?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಮನೆಗೆ ಬಂದ ಮೇಲೆ ಯಾರು ಏನು ಕೇಳಿದರು, ನಾನೇನು ಹೇಳಿದೆ ಎಂದು ಅಜ್ಜಿಗೆ ಒಪ್ಪಿಸಬೇಕಿತ್ತು. ಬಾಗಿಲಲ್ಲಿ ಇಣುಕಿ ಓಡಿಬಂದರೆ ಅವಳ ಲೆಕ್ಕದಲ್ಲಿ ಅದು ಮುಖ ತೋರಿಸಿದಂತೆ ಆಗುತ್ತಿರಲಿಲ್ಲ. ನಾಲ್ಕು ಮಾತಾಡಿ ಬಂದರೇ ಮುಖ ತೋರಿಸಿದ್ದು.

ಈಗ ಸುದ್ದಿಯಲ್ಲಿ ಈ ಪದ ಬೇರೆ ರೀತಿ ಓಡಾಡುತ್ತಿದೆ. 'ಆಂದೋಲನದ ಮುಖ', 'ಪ್ರತಿರೋಧದ ಮುಖ', 'ಗಲಭೆಯ ಮುಖ'. ಇಂಗ್ಲಿಷ್ ಪತ್ರಿಕೆಗಳಿಂದ ಬಂದ ಬಳಕೆ ಇದು. ನಾವೂ ಹಿಂದುಮುಂದು ನೋಡದೆ ಬರೆಯುತ್ತೇವೆ. ಇಲ್ಲಿ ಮುಖ ಒಬ್ಬರದು, ಅದನ್ನು ತೋರಿಸುವವರು ಇನ್ನೊಬ್ಬರು. ಯಾರಿಗೆ ತೋರಿಸುತ್ತಾರೆ, ಎಷ್ಟು ದಿನ ತೋರಿಸುತ್ತಾರೆ ಎಂಬುದು ಮುಖದ ಒಡೆಯರಿಗೇ ತಿಳಿಯುವುದಿಲ್ಲ.

2022ರ ಫೆಬ್ರವರಿ 8ರಂದು ಮಂಡ್ಯದ ಕಾಲೇಜೊಂದಕ್ಕೆ ಬುರ್ಖಾ ತೊಟ್ಟ ವಿದ್ಯಾರ್ಥಿನಿಯೊಬ್ಬಳು ಸ್ಕೂಟರಿನಲ್ಲಿ ಬಂದಳು. ಅಸೈನ್‌ಮೆಂಟ್ ಕೊಟ್ಟು ಹೋಗುವುದು ಅವಳ ಅಂದಿನ ಕೆಲಸ. ಗಾಡಿ ನಿಲ್ಲಿಸಿ ಕಟ್ಟಡದ ಕಡೆ ನಡೆಯುವಾಗ ಕೇಸರಿ ಶಾಲು ಹೊದ್ದ ಹುಡುಗರ ಗುಂಪು ಅವಳತ್ತ ಘೋಷಣೆ ಕೂಗಿತು. ಅವಳು ಕೈ ಎತ್ತಿ ತನ್ನ ಘೋಷಣೆ ಕೂಗಿದಳು. ಕಾಲೇಜಿನ ಸಿಬ್ಬಂದಿ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಡೆದದ್ದು ಇಷ್ಟು. ಸಂಜೆಯ ಹೊತ್ತಿಗೆ ಆ ವಿಡಿಯೊ ದೇಶ ದಾಟಿತ್ತು. ಒಂದು ಕಡೆಯವರಿಗೆ ಅವಳು ವೀರವನಿತೆಯಾದಳು, ಇನ್ನೊಂದು ಕಡೆಯವರಿಗೆ ಪಿತೂರಿಯ ಗುರುತಾದಳು. ಸಂಘಟನೆಯೊಂದು ಬಹುಮಾನ ಘೋಷಿಸಿತು. ಏಪ್ರಿಲ್‌ನಲ್ಲಿ ಅಲ್ ಖೈದಾದ ಮುಖ್ಯಸ್ಥ ಅಯ್ಮನ್ ಅಲ್ ಜವಾಹಿರಿ ಎಲ್ಲೋ ಅಡಗಿದ್ದ ಜಾಗದಿಂದ ಅವಳನ್ನು ಹೊಗಳಿ ವಿಡಿಯೊ ಬಿಟ್ಟ. ಆತ ಯಾರೋ ನಮಗೆ ಗೊತ್ತಿಲ್ಲ, ನಾವಿಲ್ಲಿ ಎಲ್ಲರೊಡನೆ ಅಣ್ಣತಮ್ಮಂದಿರಂತೆ ಇದ್ದೇವೆ ಎಂದು ಅವಳ ತಂದೆ ಹೇಳಬೇಕಾಯಿತು. ಮಗಳು ಅಸೈನ್‌ಮೆಂಟ್ ಕೊಡಲು ಹೋದದ್ದಕ್ಕೆ ಒಬ್ಬ ತಂದೆ ಜಗತ್ತಿನ ಭಯೋತ್ಪಾದಕನಿಗೆ ಉತ್ತರ ಹೇಳಬೇಕಾಗಿ ಬಂದದ್ದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆ ದಿನಗಳಲ್ಲಿ ನಾನು 'ಮುಖ' ಎಂಬ ಪದದ ಬೆನ್ನು ಹತ್ತಿದೆ. ಸಂಸ್ಕೃತದಲ್ಲಿ ಮುಖ ಎಂದರೆ ಮೊದಲು ಬಾಯಿ, ಆಮೇಲೆ ಮೋರೆ. ಅಮರಕೋಶ ಮುಖದ ಜೊತೆಗೆ ಸಾಲಾಗಿ ಕೂರಿಸಿರುವ ಪದಗಳಲ್ಲಿ ವಕ್ತ್ರ, ವದನ, ಲಪನ ಮೂರೂ ಇವೆ. ವಕ್ತ್ರ ಹುಟ್ಟಿದ್ದು 'ವಚ್' ಧಾತುವಿನಿಂದ. ನಮ್ಮ ವಚನವೂ ಅದೇ ಬೇರಿನದು. ವದನ ಹುಟ್ಟಿದ್ದು 'ವದ್'ನಿಂದ; ಸಂವಾದ ಅದರ ತಂಗಿ. ಲಪನ 'ಲಪ್'ನಿಂದ, ಆಲಾಪ, ಪ್ರಲಾಪ ಎರಡೂ ಅದರ ಬಳಗ. ಮೂರು ಧಾತುಗಳ ಅರ್ಥವೂ ಒಂದೇ, ಮಾತಾಡು. ಕವಿಗಳು ಚಂದ್ರವದನ ಎಂದಾಗ ನಾವು ಹುಣ್ಣಿಮೆಯನ್ನು ಕಾಣುತ್ತೇವೆ. ಆ ಪದವನ್ನು ಕಟ್ಟಿದವರು ಅದರೊಳಗೆ ಮಾತಾಡುವ ಬಾಯಿಯನ್ನೂ ಇಟ್ಟಿದ್ದರು.

ಕನ್ನಡವೂ ಈ ನೆನಪನ್ನು ಕಳೆದುಕೊಂಡಿಲ್ಲ. ಬಾಯಿಪಾಠ ಬಂದರೆ 'ಮುಖೋದ್ಗತ' ಎನ್ನುತ್ತೇವೆ. ಗುರುವಿನ ಬಾಯಿಂದಲೇ ಕಲಿತರೆ ಅದು 'ಗುರುಮುಖೇನ' ಕಲಿತ ವಿದ್ಯೆ. ಪಕ್ಷದ ಮಾತನ್ನು ಆಡುವ ಪತ್ರಿಕೆ ಅದರ 'ಮುಖವಾಣಿ'. ಇದೇ ಪದಕ್ಕೆ ನಾವು 'ಮೊಗ' ಎಂಬ ತದ್ಭವ ಕೊಟ್ಟೆವು, 'ಮುಖದಾಕ್ಷಿಣ್ಯ' ಎಂಬ ಸೂಕ್ಷ್ಮ ಕೊಟ್ಟೆವು. ಎದುರಿಗೆ ನಿಂತವರ ಮುಖ ನೋಡಿ ಒರಟು ಮಾತನ್ನು ನುಂಗಿಕೊಳ್ಳುವುದು ಆ ದಾಕ್ಷಿಣ್ಯ. ಫೋನಿನ ಪರದೆಯಲ್ಲಿ ಬರುವ ಮುಖಕ್ಕೆ ಅದನ್ನು ತೋರಿಸುವವರು ಕಡಿಮೆ.

ಪಕ್ಷಗಳು ಮಾತಿಗೆ ವಕ್ತಾರರನ್ನು ಇಟ್ಟುಕೊಂಡಿವೆ. ವಕ್ತಾರನೂ 'ವಚ್' ಧಾತುವಿನ ಮಗನೇ. ಮಾತಿನ ಕೊರತೆ ಅವರಿಗಿಲ್ಲ. ಬೇಕಾಗಿರುವುದು ಸಾಮಾನ್ಯನ ಮುಖ. ಅಮೆರಿಕದಲ್ಲಿ 2008ರ ಅಕ್ಟೋಬರ್‌ನಲ್ಲಿ ಓಹಾಯೋದ ಕೊಳಾಯಿ ಕೆಲಸದವನೊಬ್ಬ ಪ್ರಚಾರಕ್ಕೆ ಬಂದ ಒಬಾಮಾಗೆ ತೆರಿಗೆಯ ಬಗ್ಗೆ ಪ್ರಶ್ನೆ ಕೇಳಿದ. ಮೂರೇ ದಿನಕ್ಕೆ ಅಧ್ಯಕ್ಷೀಯ ಚರ್ಚೆಯಲ್ಲಿ ಜಾನ್ ಮೆಕೇನ್ ಅವನನ್ನು 'ಜೋ ದ ಪ್ಲಂಬರ್' ಎಂದು ಮತ್ತೆ ಮತ್ತೆ ಎಳೆದು ತಂದರು. ಮರುದಿನದಿಂದಲೇ ಅವನ ಬಳಿ ಲೈಸೆನ್ಸ್ ಇಲ್ಲ, ತೆರಿಗೆ ಬಾಕಿ ಇದೆ ಎಂಬ ಜಾಲಾಟ ಶುರುವಾಯಿತು. ಸರ್ಕಾರಿ ಕಚೇರಿಯ ಕಂಪ್ಯೂಟರುಗಳಲ್ಲೂ ಅವನ ದಾಖಲೆ ಹುಡುಕಿದರು. ನೋಟಿಗೊಂದು ಮುಖಬೆಲೆ ಇರುತ್ತದೆ; ಕೈಯಿಂದ ಕೈಗೆ ಹೋಗುವಾಗ ಅದು ಮಡಿಕೆ ಬೀಳುತ್ತದೆ, ಹರಿಯುತ್ತದೆ. ಅವನ ಗತಿಯೂ ಹಾಗೆಯೇ ಆಯಿತು. ಅವನು ಕೇಳಿದ್ದ ಪ್ರಶ್ನೆ ಯಾರಿಗೂ ಬೇಡವಾಯಿತು.

ಹಳೇ ಮೈಸೂರು ಸೀಮೆಯ ಸೋಮನ ಕುಣಿತ ನೋಡಿದವರಿಗೆ ಇನ್ನೊಂದು ಮಾತು ಹೊಳೆಯಬಹುದು. ಗ್ರಾಮದೇವತೆಯ ಹಬ್ಬದಲ್ಲಿ ಕುಣಿಯುವವನು ಕಣ್ಣು ಅಗಲಿಸಿದ ಆ ದೊಡ್ಡ ಮುಖವಾಡವನ್ನು ಭಕ್ತಿಯಿಂದ ಹೊರುತ್ತಾನೆ. ತಮಟೆಯ ಸದ್ದಿಗೆ ಊರೆಲ್ಲ ಕುಣಿಯುತ್ತಾನೆ. ಕುಣಿತ ಮುಗಿದ ಮೇಲೆ ಅದನ್ನು ಇಳಿಸಿ, ಬೆವರು ಒರೆಸಿಕೊಂಡು ತನ್ನ ಮುಖದಲ್ಲೇ ಮನೆಗೆ ನಡೆಯುತ್ತಾನೆ. ವೈರಲ್ ಆದವರಿಗೆ ಇಳಿಸುವ ಘಳಿಗೆ ಬರುವುದಿಲ್ಲ, ಏಕೆಂದರೆ ಮುಖವಾಡ ಮಾಡಿರುವುದು ಅವರ ಸ್ವಂತ ಮುಖವನ್ನೇ.

ಆದರೂ ಕೆಲವರು ಬಾಯಿಯನ್ನು ಮರಳಿ ಪಡೆದಿದ್ದಾರೆ. 1972ರ ಜೂನ್ 8ರಂದು ವಿಯೆಟ್ನಾಮಿನ ಟ್ರಾಂಗ್ ಬಾಂಗ್ ರಸ್ತೆಯಲ್ಲಿ ನಾಪಾಮ್‌ನಿಂದ ಸುಟ್ಟು, ಬೆತ್ತಲೆಯಾಗಿ ಅಳುತ್ತ ಓಡಿದ 9 ವರ್ಷದ ಹುಡುಗಿ ಕಿಮ್ ಫುಕ್. ಆ ಒಂದು ಚಿತ್ರ ಯುದ್ಧಕ್ಕೇ ಮುಖವಾಯಿತು. ಬೆಳೆದ ಮೇಲೆ ಅವಳು ವೈದ್ಯೆಯಾಗಬೇಕೆಂದು ಓದಲು ಹೊರಟರೆ, ಅಲ್ಲಿನ ಸರ್ಕಾರ ತರಗತಿಯಿಂದ ಎಬ್ಬಿಸಿಕೊಂಡು ಬಂದು ವಿದೇಶಿ ಪತ್ರಕರ್ತರ ಮುಂದೆ ಕೂರಿಸುತ್ತಿತ್ತು. ಪರದೇಶದವರು ಕಂಡ ಮುಖವನ್ನು ಸ್ವದೇಶದವರು ಪ್ರದರ್ಶನಕ್ಕೆ ಇಟ್ಟರು. 1992ರಲ್ಲಿ ವಿಮಾನ ಇಂಧನಕ್ಕೆಂದು ಕೆನಡಾದ ಗ್ಯಾಂಡರ್‌ನಲ್ಲಿ ಇಳಿದಾಗ ಅವಳು ಗಂಡನ ಜೊತೆ ಅಲ್ಲೇ ಉಳಿದು ಆಶ್ರಯ ಕೇಳಿದಳು. ಮುಂದೆ ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ಸಂಸ್ಥೆ ಕಟ್ಟಿದಳು. ಚಿತ್ರ ಅದೇ ಉಳಿಯಿತು, ಅದರ ಬಗ್ಗೆ ಏನು ಹೇಳಬೇಕೆಂಬುದನ್ನು ಈಗ ಅವಳು ತೀರ್ಮಾನಿಸಿದಳು.

ನನಗೆ ಹೆಚ್ಚು ಭರವಸೆ ಕೊಟ್ಟದ್ದು ಅಹಮದಾಬಾದಿನ ಇಬ್ಬರ ಕಥೆ. 2002ರ ಗುಜರಾತ್ ಗಲಭೆಯ ಎರಡು ಚಿತ್ರಗಳನ್ನು ಪತ್ರಿಕೆ ಓದುವ ಯಾರೂ ಮರೆತಿರಲಾರರು. ಒಂದರಲ್ಲಿ ಮುಸ್ಲಿಂ ದರ್ಜಿಯೊಬ್ಬ ಕಣ್ಣು ತುಂಬಿಕೊಂಡು, ಕೈ ಮುಗಿದು ಪ್ರಾಣಭಿಕ್ಷೆ ಬೇಡುತ್ತಿದ್ದಾನೆ. ಇನ್ನೊಂದರಲ್ಲಿ ಹಣೆಗೆ ಕೇಸರಿ ಪಟ್ಟಿ ಕಟ್ಟಿದ ದಲಿತ ಚಮ್ಮಾರನೊಬ್ಬ ಕೈಯಲ್ಲಿ ಸಲಾಕೆ ಹಿಡಿದು ತೋಳು ಚಾಚಿ ಕೂಗುತ್ತಿದ್ದಾನೆ. ಒಬ್ಬ ಭಯದ ಮುಖವಾದ, ಇನ್ನೊಬ್ಬ ಕ್ರೌರ್ಯದ ಮುಖವಾದ. ದರ್ಜಿ ಮಾಲೆಗಾಂವ್‌ಗೆ ಹೋದ, ಕೋಲ್ಕತ್ತಕ್ಕೆ ಹೋದ, ಕೊನೆಗೆ ಊರಿಗೇ ಮರಳಿದ. ಅವನು ಹೋದಲ್ಲೆಲ್ಲ ಮುಖ ಅವನಿಗಿಂತ ಮೊದಲೇ ತಲುಪಿರುತ್ತಿತ್ತು. 2016ರಲ್ಲಿ ಅಸ್ಸಾಂ ಚುನಾವಣೆಯ ಪ್ರಚಾರಕ್ಕೆ ಪಕ್ಷವೊಂದು ಅದೇ ಚಿತ್ರ ಬಳಸಿದಾಗ ಅವನು ಬಹಿರಂಗವಾಗಿ ಆಕ್ಷೇಪಿಸಿದ. ಚಮ್ಮಾರ ಬೀದಿಬದಿಯಲ್ಲಿ ಚಪ್ಪಲಿ ಹೊಲಿಯುತ್ತಲೇ ಉಳಿದ.

ಆ ಎರಡು ಚಿತ್ರಗಳನ್ನು ಪತ್ರಿಕೆಗಳು ವರ್ಷಗಟ್ಟಲೆ ಅಕ್ಕಪಕ್ಕ ಅಚ್ಚು ಹಾಕಿದವು. ಮನುಷ್ಯರು ಅಕ್ಕಪಕ್ಕ ಕೂತದ್ದು 2014ರಲ್ಲಿ, ಕೇರಳದ ತಳಿಪರಂಬದ ವೇದಿಕೆಯೊಂದರಲ್ಲಿ. ಸಂಘಟಕರಿಗೆ ಅವರದೇ ರಾಜಕೀಯ ಇತ್ತು. ಆದರೆ ವೇದಿಕೆ ಇಳಿದ ಮೇಲೂ ಇಬ್ಬರ ಒಡನಾಟ ಮುಂದುವರಿಯಿತು. 2019ರಲ್ಲಿ ಚಮ್ಮಾರ ಅಹಮದಾಬಾದಿನಲ್ಲಿ ಸ್ವಂತ ಚಪ್ಪಲಿ ಅಂಗಡಿ ತೆರೆದ. 'ಏಕತಾ' ಎಂಬ ಪದವನ್ನು ಅಂಗಡಿಯ ಹೆಸರಿಗೆ ಸೇರಿಸಿದ. ಉದ್ಘಾಟನೆಗೆ ಯಾರನ್ನು ಕರೆದ? ಆ ದರ್ಜಿಯನ್ನು. ಮಂತ್ರಿ ಬರಬೇಕಾದ ಜಾಗಕ್ಕೆ ಗೆಳೆಯ ಬಂದ.

ಕನ್ನಡದಲ್ಲಿ ಇದಕ್ಕೊಂದು ಪದವಿದೆ: ಮುಖಾಮುಖಿ. ಟಿ.ವಿ.ಯವರು ಅದನ್ನು ಜಗಳಕ್ಕೆ ಬಳಸಿ ಸವೆಸಿದ್ದಾರೆ. ಬೇರು ಬಿಡಿಸಿದರೆ ಎರಡು ಬಾಯಿಗಳು ಎದುರುಬದುರು ಕೂತು ಮಾತಾಡುವುದೂ ಅದೇ. ಯಾರದೋ ವಿಡಿಯೊ ನಮ್ಮ ಫೋನಿಗೆ ಬಂದಾಗ, ಅದನ್ನು ಮುಂದಕ್ಕೆ ಕಳಿಸುವ ಮೊದಲು, ಈ ಮುಖ ತನ್ನ ಬಾಯಿಂದ ಏನು ಹೇಳಿದೆ ಎಂದು ಹುಡುಕೋಣ. ಬರೆಯುವ ನಾವು 'ಪ್ರತಿರೋಧದ ಮುಖ' ಎಂಬಲ್ಲಿ 'ಅಸೈನ್‌ಮೆಂಟ್ ಕೊಡಲು ಬಂದ ವಿದ್ಯಾರ್ಥಿನಿ' ಎಂದು ಬರೆಯೋಣ. ಅಜ್ಜಿ ಈಗಿಲ್ಲ. ಇದ್ದಿದ್ದರೆ ಪರದೆಯ ಮೇಲಿನ ಆ ಹುಡುಗಿಯನ್ನು ನೋಡಿ ಅವಳು ಮೊದಲು ಕೇಳುತ್ತಿದ್ದ ಪ್ರಶ್ನೆ ನನಗೆ ಗೊತ್ತು: "ಪಾಪ, ತಂದಿದ್ದನ್ನ ಕೊಟ್ಟು ಬಂದ್ಲಾ?"