ಆಮ್ಲವೊಂದೇ ಕಾವಲಲ್ಲ

ಬಿಳಿಸೆರಗು, ತಡೆಯಲಾಗದ ತುರಿಕೆ, ಮೂತ್ರ ಮಾಡುವಾಗ ಉರಿ. ಈ ತೊಂದರೆ ಹೇಳಿಕೊಂಡ ಹೆಂಗಸಿಗೆ ನೆರೆಮನೆಯಾಕೆಯಿಂದ ಔಷಧಿ ಅಂಗಡಿಯವರವರೆಗೆ ಎಲ್ಲರೂ ಕೊಡುವ ಸಲಹೆ ಒಂದೇ: ಮೊಸರು ತಿನ್ನು, ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಈ ನಂಬಿಕೆಯ ಹಿಂದೆ 130 ವರ್ಷಗಳ ಸಂಶೋಧನೆ ಇದೆ. ಅದರಲ್ಲಿ ನಿಜವೂ ಇದೆ. ಆದರೆ ಆ ನಿಜ ನಾವು ಅಂದುಕೊಂಡಷ್ಟು ಸರಳವಲ್ಲ.

1892ರಲ್ಲಿ ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ ಯೋನಿಸ್ರಾವದ ಬಗ್ಗೆ ಒಂದು ಗ್ರಂಥ ಪ್ರಕಟಿಸಿದ. ಅವನನ್ನು ಕಾಡುತ್ತಿದ್ದದ್ದು ಬಾಣಂತಿ ಜ್ವರ. ಆರೋಗ್ಯವಂತ ಗರ್ಭಿಣಿಯರ ಸ್ರಾವವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಉದ್ದನೆಯ ಕಡ್ಡಿಯಾಕಾರದ ಜೀವಿಗಳೇ ತುಂಬಿದ್ದವು. ಅವು ಉತ್ಪಾದಿಸುವ ಲ್ಯಾಕ್ಟಿಕ್ ಆಮ್ಲವೇ ಕೆಟ್ಟ ರೋಗಾಣುಗಳನ್ನು ದೂರವಿಡುತ್ತದೆ ಎಂದು ಅವನು ತೀರ್ಮಾನಿಸಿದ. 1928ರಲ್ಲಿ ಈ ಕಡ್ಡಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಅಸಿಡೋಫಿಲಸ್ ಎಂಬ ಗುರುತು ಸಿಕ್ಕಿತು. 1980ರಲ್ಲಿ ಡಿಎನ್‌ಎ ಹೋಲಿಸಿ ನೋಡಿದಾಗ ಆ ಒಂದು ಹೆಸರಿನೊಳಗೆ ಹಲವು ಪ್ರಭೇದಗಳು ಅಡಗಿದ್ದವು. ಯೋನಿಯಲ್ಲಿ ಮುಖ್ಯವಾದವು ಕ್ರಿಸ್ಪಾಟಸ್, ಗ್ಯಾಸೆರಿ, ಜೆನ್ಸೆನಿ. ಇನ್ನರ್ಸ್ ಎಂಬ ನಾಲ್ಕನೆಯದು ಪ್ರಯೋಗಾಲಯದ ವಾಡಿಕೆಯ ಮಾಧ್ಯಮದಲ್ಲಿ ಬೆಳೆಯುವುದೇ ಇಲ್ಲ. ಹಾಗಾಗಿ 1999ರವರೆಗೂ ಅದಕ್ಕೊಂದು ಹೆಸರಿರಲಿಲ್ಲ. 2011ರಲ್ಲಿ ಸಂಶೋಧಕ ಜಾಕ್ ರಾವೆಲ್ ತಂಡ ಅಮೆರಿಕದ 396 ಮಹಿಳೆಯರ ಮಾದರಿಗಳನ್ನು ಪರೀಕ್ಷಿಸಿ ಐದು ಬಗೆಯ ಸೂಕ್ಷ್ಮಜೀವಿ ಸಮುದಾಯಗಳನ್ನು ಗುರುತಿಸಿತು. ನಾಲ್ಕರಲ್ಲಿ ಒಂದೊಂದು ಲ್ಯಾಕ್ಟೋಬ್ಯಾಸಿಲಸ್‌ನದೇ ಮೇಲುಗೈ; ಐದನೆಯದರಲ್ಲಿ ಹಲವು ಜೀವಿಗಳ ಮಿಶ್ರಣ.

ಈ ಕಡ್ಡಿಗಳಿಗೆ ಆಹಾರ ಒದಗಿಸುವುದು ಹೆಣ್ಣಿನ ದೇಹವೇ. ಈಸ್ಟ್ರೋಜನ್ ಪ್ರಭಾವದಿಂದ ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಶೇಖರವಾಗುತ್ತದೆ. ಅದು ಒಡೆದು ಬಂದ ಸಕ್ಕರೆಯನ್ನು ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲವಾಗಿಸಿದಾಗ ಪಿಎಚ್ (ಇದು ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 4ರ ಆಸುಪಾಸಿಗೆ ಇಳಿಯುತ್ತದೆ. ತುರಿಕೆ, ಉರಿ ತರುವ ಯೀಸ್ಟ್ ಎಂಬ ಶಿಲೀಂಧ್ರವನ್ನೂ ಈ ಆಮ್ಲವೇ ಕೊಲ್ಲುತ್ತದೆ ಎಂಬ ಮಾತು ಪಠ್ಯದಿಂದ ಪಠ್ಯಕ್ಕೆ ಸಾಗಿಬಂತು.

ಆದರೆ ಒಂದು ತುಂಡು ಪಿಎಚ್ ಕಾಗದ ಬೇರೆಯದನ್ನೇ ಹೇಳುತ್ತದೆ. ವೈದ್ಯರು ಸ್ರಾವಕ್ಕೆ ಕಾಗದ ತಾಗಿಸಿದಾಗ ಅದು 4.5ಕ್ಕಿಂತ ಹೆಚ್ಚು ತೋರಿಸಿದರೆ, ಲ್ಯಾಕ್ಟೋಬ್ಯಾಸಿಲಸ್ ಕುಗ್ಗಿ ಬೇರೆ ಬ್ಯಾಕ್ಟೀರಿಯಾ ಹೆಚ್ಚುವ ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್‌ನ ಶಂಕೆ. ಯೀಸ್ಟ್ ಸೋಂಕಿನಲ್ಲಿ ಮಾತ್ರ ಅದು ಸಾಮಾನ್ಯವಾಗಿ 4.5ರ ಒಳಗೇ ಇರುತ್ತದೆ. ಆಮ್ಲವೂ ಇದೆ, ಲ್ಯಾಕ್ಟೋಬ್ಯಾಸಿಲಸ್ಸೂ ಇದೆ, ಸೋಂಕೂ ಇದೆ. ಈ ಸೋಂಕು ತರುವ ಮುಖ್ಯ ಯೀಸ್ಟ್ ಆದ ಕ್ಯಾಂಡಿಡಾ ಆಲ್ಬಿಕನ್ಸ್ ಆಮ್ಲದಲ್ಲಿ ನಿರಾತಂಕವಾಗಿ ಬದುಕಬಲ್ಲ ಜೀವಿ. ಯಾವ ತೊಂದರೆಯೂ ಇಲ್ಲದ ಎಷ್ಟೋ ಹೆಂಗಸರಲ್ಲಿ ಅದು ತಣ್ಣಗೆ ಇದ್ದುಬಿಟ್ಟಿರುತ್ತದೆ.

ಹಾಗಾದರೆ ಬ್ಯಾಕ್ಟೀರಿಯಾ ಮಾಡುವುದೇನು? ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸ್ವಾರಸ್ಯದ ಅಧ್ಯಾಯ ಇಲ್ಲಿಂದ ಶುರು. ಕ್ಯಾಂಡಿಡಾಕ್ಕೆ ಎರಡು ರೂಪ: ದುಂಡನೆಯ ಯೀಸ್ಟ್ ಕೋಶ ಮತ್ತು ಉದ್ದಕ್ಕೆ ಚಾಚುವ ಎಳೆ. ಕಾಟ ಕೊಡುವುದು ಎಳೆ. ಅದು ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ಸ್ರವಿಸಿ ಒಳಪದರದ ಕೋಶಗಳನ್ನು ಘಾಸಿಗೊಳಿಸುತ್ತದೆ ಎಂಬುದನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಜ್ಞಾನಿಗಳ ತಂಡ 2016ರಲ್ಲಿ ತೋರಿಸಿತು. ಅದಕ್ಕೂ ಮೊದಲು, 2004ರಲ್ಲಿ, ಸಂಶೋಧಕ ಪಾಲ್ ಫೈಡೆಲ್ ತಂಡ ಸ್ವಯಂಸೇವಕಿಯರ ಯೋನಿಯಲ್ಲಿ ಜೀವಂತ ಕ್ಯಾಂಡಿಡಾ ಇಟ್ಟು ಪರೀಕ್ಷಿಸಿತ್ತು. ರೋಗಲಕ್ಷಣ ಕಂಡವರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗಿ ಬಂದಿದ್ದವು. ಆರಾಮಾಗಿದ್ದವರಲ್ಲಿ ಉರಿಯೂತವೇ ಇರಲಿಲ್ಲ. ಅಂದರೆ ತುರಿಕೆ, ಉರಿಗಳಲ್ಲಿ ದೇಹದ ಅತಿಪ್ರತಿಕ್ರಿಯೆಯ ಪಾಲು ದೊಡ್ಡದು. 2021ರಲ್ಲಿ ಟೊರಾಂಟೊದ ಲೇಹ್ ಕವೆನ್ ಮತ್ತು ಸಂಗಡಿಗರು ಲ್ಯಾಕ್ಟೋಬ್ಯಾಸಿಲಸ್ ಸ್ರವಿಸುವ 1-ಅಸಿಟೈಲ್-ಬೀಟಾ-ಕಾರ್ಬೊಲಿನ್ ಎಂಬ ಪುಟ್ಟ ಅಣುವನ್ನು ಪತ್ತೆಹಚ್ಚಿದರು. ಅದು ಕ್ಯಾಂಡಿಡಾದ ಯಾಕ್1 ಎಂಬ ಕಿಣ್ವವನ್ನು ತಡೆಯುತ್ತದೆ. ದುಂಡನೆಯ ಕೋಶ ಎಳೆಯಾಗುವುದು ಅಲ್ಲಿಗೆ ನಿಲ್ಲುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಶಿಲೀಂಧ್ರವನ್ನು ಕೊಲ್ಲದೆಯೂ ಅದನ್ನು ನಿರುಪದ್ರವಿಯಾಗಿ ಇಟ್ಟಿರಬಲ್ಲದು.

ಚಿಕಿತ್ಸೆಯ ಕಥೆ ಇಷ್ಟು ಹುರುಪಿನದಲ್ಲ. 1950ರಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು ಮಣ್ಣಿನ ಸೂಕ್ಷ್ಮಜೀವಿಯಿಂದ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕ ತೆಗೆದರು. ಆಮೇಲೆ ಕ್ಲೋಟ್ರಿಮಜೋಲ್, ಫ್ಲುಕೊನಜೋಲ್ ಬಂದವು. ಮತ್ತೆ ಮತ್ತೆ ಸೋಂಕಾಗುವವರಿಗೆ ವಾರಕ್ಕೊಂದು ಫ್ಲುಕೊನಜೋಲ್ ಮಾತ್ರೆಯಂತೆ ಆರು ತಿಂಗಳು ಕೊಟ್ಟ 2004ರ ಅಮೆರಿಕದ ಪ್ರಯೋಗದಲ್ಲಿ ಶೇ. 90ರಷ್ಟು ಮಂದಿ ಆರೋಗ್ಯವಾಗಿದ್ದರು. ಮಾತ್ರೆ ನಿಲ್ಲಿಸಿ ಆರು ತಿಂಗಳಾಗುವಷ್ಟರಲ್ಲಿ ಹಾಗೆ ಉಳಿದವರು ಶೇ. 43 ಮಾತ್ರ. ಬ್ಯಾಕ್ಟೀರಿಯಾದ ಮೇಲೆ ಆಸೆ ಹುಟ್ಟುವುದು ಇಂಥ ಅಂಕಿಗಳನ್ನು ನೋಡಿದಾಗಲೇ.

ಆದರೆ ಆಸೆಗೆ ಆಧಾರ ಇನ್ನೂ ತೆಳು. ಮೊಸರು ತಿಂದರೆ ಸೋಂಕು ಕಡಿಮೆಯಾಗುತ್ತದೆ ಎಂದ 1992ರ ಪ್ರಸಿದ್ಧ ಅಧ್ಯಯನವನ್ನು ಪೂರ್ಣಗೊಳಿಸಿದವರು ಬರೀ 13 ಮಂದಿ. ಆಂಟಿಬಯೋಟಿಕ್ ನುಂಗಿದ ಮೇಲೆ ಯೀಸ್ಟ್ ಸೋಂಕು ಬರುವುದು ಎಲ್ಲರಿಗೂ ಗೊತ್ತಿರುವ ಅನುಭವ. ಅದನ್ನು ಲ್ಯಾಕ್ಟೋಬ್ಯಾಸಿಲಸ್ ತಡೆದೀತೇ ಎಂದು ಮೆಲ್ಬರ್ನ್‌ನಲ್ಲಿ 235 ಮಹಿಳೆಯರ ಮೇಲೆ ಪರೀಕ್ಷಿಸಿ 2004ರಲ್ಲಿ ಕೊಟ್ಟ ಉತ್ತರ, ಇಲ್ಲ. 2017ರ ಕಾಕ್ರೇನ್ ವಿಮರ್ಶೆ ಹತ್ತು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತು. ಔಷಧದ ಜೊತೆ ಪ್ರೋಬಯೋಟಿಕ್ ಕೊಟ್ಟರೆ ಅಲ್ಪಾವಧಿಯಲ್ಲಿ ತುಸು ಲಾಭ ಕಂಡಿತಾದರೂ ಪುರಾವೆಯ ಗುಣಮಟ್ಟ ಕೆಳಮಟ್ಟದ್ದೆಂದು ಅದು ಹೇಳಿತು. 2020ರಲ್ಲಿ ಕ್ರಿಸ್ಪಾಟಸ್ ಪುಡಿಯನ್ನು ಯೋನಿಯಲ್ಲೇ ಇರಿಸಿದ ಪ್ರಯೋಗ ಗೆದ್ದದ್ದು ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್ ವಿರುದ್ಧ, ಯೀಸ್ಟ್ ವಿರುದ್ಧ ಅಲ್ಲ. ನಮ್ಮ ಮನೆಯ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿಗೆ ಒಗ್ಗಿದವು, ಯೋನಿಯ ಕ್ರಿಸ್ಪಾಟಸ್‌ನ ದೂರದ ನೆಂಟರು. ಊಟಕ್ಕೆ ಮೊಸರು ಇರಲಿ; ಅದನ್ನು ಒಳಗೆ ಹಚ್ಚಿಕೊಳ್ಳುವ ಪ್ರಯೋಗ ಬೇಡ. ಸೋಪು ಹಾಕಿ ಒಳಗೆ ತೊಳೆಯುವುದೂ ಬೇಡ.

ನಮ್ಮ ಸರ್ಕಾರಿ ಆರೋಗ್ಯ ಕೇಂದ್ರಗಳು ಬಿಳಿಸೆರಗಿಗೆ ಕೊಡುವ ಹಸಿರು ಕಿಟ್‌ನಲ್ಲಿ ಬ್ಯಾಕ್ಟೀರಿಯಾದ ಮದ್ದು ಸೆಕ್ನಿಡಜೋಲ್ ಮತ್ತು ಯೀಸ್ಟಿನ ಮದ್ದು ಫ್ಲುಕೊನಜೋಲ್ ಒಟ್ಟಿಗೇ ಇರುತ್ತವೆ. ಪ್ರಯೋಗಾಲಯವಿಲ್ಲದ ಕಡೆ ಲಕ್ಷಣ ನೋಡಿ ಮದ್ದು ಕೊಡುವ ಈ ಪದ್ಧತಿಯಿಂದ ಬಹಳ ಮಂದಿಗೆ ಉಪಕಾರವಾಗಿದೆ. ಆದರೆ ಪಕ್ಕದ ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತಿತರರು ನಡೆಸಿದ ಅಧ್ಯಯನದಲ್ಲಿ ಬಿಳಿಸೆರಗಿನ ದೂರಿಗೆ ಸೋಂಕಿಗಿಂತ ಮನಸ್ಸಿನ ಒತ್ತಡ, ದಣಿವುಗಳ ನಂಟೇ ಗಟ್ಟಿಯಾಗಿ ಕಂಡಿತ್ತು. ಸೋಂಕು ನಿಜವಾಗಿ ಮರುಕಳಿಸುತ್ತಿರುವವರಲ್ಲಿ ಕೆಲವರನ್ನು ಕಾಡುವುದು ಇನ್ನೊಂದು ಪ್ರಭೇದ, ಕ್ಯಾಂಡಿಡಾ ಗ್ಲಾಬ್ರಾಟಾ. ಅದು ಎಳೆ ಚಾಚುವುದಿಲ್ಲ, ಫ್ಲುಕೊನಜೋಲ್‌ಗೆ ಸುಲಭವಾಗಿ ಬಗ್ಗುವುದೂ ಇಲ್ಲ. ಟೊರಾಂಟೊದ ಅಣು ಔಷಧವಾಗಿ ಬಂದರೂ ಇವರ ಕೈಹಿಡಿಯಲಾರದು. ಮೂರನೆಯ ಸಲವೂ ಅದೇ ಮಾತ್ರೆ ಬರೆಯುವ ಮೊದಲು ಇವರ ಸ್ರಾವವನ್ನು ಕಲ್ಚರ್ ಪರೀಕ್ಷೆಗೆ ಕಳಿಸಬೇಕು, ರಕ್ತದ ಸಕ್ಕರೆ ನೋಡಬೇಕು, ಗರ್ಭಿಣಿಯೇ ಎಂದು ಕೇಳಬೇಕು. ಗರ್ಭಿಣಿಯಾದರೆ ನುಂಗುವ ಮಾತ್ರೆ ಬಿಟ್ಟು ಏಳು ದಿನ ಕ್ಲೋಟ್ರಿಮಜೋಲ್ ಹಚ್ಚಲು ಹೇಳಬೇಕು.