ಟೆಲಿಫೋಟೊ ಮಸೂರಗಳ ಆಟೊಫೋಕಸ್ ವೇಗ: ಒಂದು ಐತಿಹಾಸಿಕ ವಿವೇಚನೆ

ಎರಡು ಟೆಲಿಫೋಟೊ ಮಸೂರಗಳನ್ನು ಮುಂದಿಟ್ಟುಕೊಂಡು ಇವುಗಳಲ್ಲಿ ಯಾವುದು ಬೇಗ ಫೋಕಸ್ ಮಾಡುತ್ತದೆಂದು ಕೇಳುವುದು ಡಿಜಿಟಲ್ ಕ್ಯಾಮರಾ ಬಳಸುವವರಲ್ಲಿ ವಾಡಿಕೆಯಾಗಿದೆ. ದೊರೆಯುವ ಉತ್ತರವೂ ಬಹುಮಟ್ಟಿಗೆ ಒಂದೇ: ಮಸೂರದೊಳಗೆ ಒಳ್ಳೆಯ ಮೋಟಾರಿದ್ದರೆ ವೇಗ ಹೆಚ್ಚು, ಇಲ್ಲದಿದ್ದರೆ ಕಡಿಮೆ. ಈ ಅಭಿಪ್ರಾಯದ ಬೆನ್ನಿಗೆ ಒಂದು ಚರಿತ್ರೆಯೂ ಬೆಳೆದು ನಿಂತಿದೆ. 1987ರಲ್ಲಿ ಕ್ಯಾನನ್ ಸಂಸ್ಥೆ ಮೋಟಾರನ್ನು ಮಸೂರದಲ್ಲಿಟ್ಟು ಗೆದ್ದಿತು. ನಿಕಾನ್ ಸಂಸ್ಥೆ ಅದನ್ನು ಕ್ಯಾಮರಾದಲ್ಲಿಯೇ ಉಳಿಸಿಕೊಂಡು ಹಿಂದೆ ಬಿದ್ದಿತು ಎಂಬುದು ಅದರ ಸಾರ. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಕಾಲಾನುಕ್ರಮವನ್ನು ಪರಿಶೀಲಿಸಿದಲ್ಲಿ ಅದನ್ನು ಇದ್ದಂತೆಯೇ ಒಪ್ಪುವುದು ಕಷ್ಟವೆಂದು ನಮಗೆ ತೋರುತ್ತದೆ.

ಮೋಟಾರುಳ್ಳ ಮಸೂರವು 1987ರಲ್ಲಿ ಹುಟ್ಟಿದುದಲ್ಲ. 1981ರ ಪೆಂಟಾಕ್ಸ್ ಎಂಇ-ಎಫ್ ಕ್ಯಾಮರಾದೊಡನೆ ಬಂದ 35ರಿಂದ 70 ಮಿ.ಮೀ. ಮಸೂರದಲ್ಲಿ ಮೋಟಾರಿತ್ತು. 1983ರ ನಿಕಾನ್ ಎಫ್3 ಎಎಫ್ ಕ್ಯಾಮರಾಕ್ಕಾಗಿ ತಯಾರಾದ 80 ಮತ್ತು 200 ಮಿ.ಮೀ. ಮಸೂರಗಳಲ್ಲಿಯೂ ಇತ್ತು. ಅಂದರೆ ಮೋಟಾರನ್ನು ಮಸೂರದಲ್ಲಿಡುವ ಉಪಾಯವನ್ನು ನಿಕಾನ್ ಸಂಸ್ಥೆ 1987ಕ್ಕಿಂತ ಮೊದಲೇ ಅರಿತಿದ್ದಿತು. ಆದರೂ ಈ ಯಂತ್ರಗಳಾವುವೂ ಮಾರುಕಟ್ಟೆಯನ್ನು ಗೆಲ್ಲಲಿಲ್ಲ. ಗೆದ್ದುದು 1985ರ ಮಿನೋಲ್ಟಾ 7000. ಅದರ ಮೋಟಾರು ಕ್ಯಾಮರಾದ ಒಡಲಿನಲ್ಲಿದ್ದು, ಸಣ್ಣದೊಂದು ತಿರುಪಿನ ಮೂಲಕ ಮಸೂರವನ್ನು ತಿರುಗಿಸುತ್ತಿತ್ತು.

ಇದಕ್ಕೆ ಕಾರಣವನ್ನು ಮೋಟಾರಿನಲ್ಲಲ್ಲ, ಅಳೆಯುವ ಕ್ರಮದಲ್ಲಿ ಹುಡುಕಬೇಕು. ಎಂಇ-ಎಫ್ ಚಿತ್ರದ ಸ್ಪಷ್ಟತೆಯನ್ನು ನೋಡುತ್ತಿತ್ತು. ಈ ಕ್ರಮದಲ್ಲಿ ಸರಿಯಾದ ಸ್ಥಾನವನ್ನು ದಾಟಿದ ಮೇಲೆಯೇ ದಾಟಿದೆವೆಂಬುದು ಖಚಿತವಾಗುವುದರಿಂದ ಹಿಂದಕ್ಕೆ ಬರಬೇಕಾಗುತ್ತದೆ. ಮಿನೋಲ್ಟಾ 7000 ಮಸೂರದ ಎರಡು ಅಂಚುಗಳಿಂದ ಬಂದ ಎರಡು ಬಿಂಬಗಳನ್ನು ಹೋಲಿಸಿ, ಯಾವ ದಿಕ್ಕಿಗೆ ಎಷ್ಟು ಸರಿಯಬೇಕೆಂಬುದನ್ನು ಮೊದಲೇ ಲೆಕ್ಕ ಹಾಕುತ್ತಿತ್ತು. ಇದೇ ಸಂಬಂಧದಲ್ಲಿ ಅಮೆರಿಕೆಯ ಹನಿವೆಲ್ ಸಂಸ್ಥೆ ಮಿನೋಲ್ಟಾದ ಮೇಲೆ ಪೇಟೆಂಟಿನ ದಾವೆ ಹೂಡಿ, 1992ರಲ್ಲಿ 12 ಕೋಟಿ 75 ಲಕ್ಷ ಡಾಲರುಗಳನ್ನು ಪಡೆಯಿತು. ಅಷ್ಟು ದೊಡ್ಡ ಮೊತ್ತದ ವ್ಯಾಜ್ಯವು ಫೋಕಸನ್ನು ಪತ್ತೆಹಚ್ಚುವ ವಿಧಾನಕ್ಕೆ ಸಂಬಂಧಿಸಿದ್ದಿತೇ ಹೊರತು ಮೋಟಾರಿಗಲ್ಲವೆಂಬುದು ಗಮನಾರ್ಹ.

ಟೆಲಿಫೋಟೊ ಮಸೂರಗಳ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ: ಸರಿಸಬೇಕಾದ ಗಾಜಿನ ತೂಕ. 300 ಮಿ.ಮೀ. ಎಫ್/2.8 ಮಸೂರದ ಮುಂಭಾಗದ ಗಾಜಿನ ವ್ಯಾಸ 10 ಸೆಂ.ಮೀ.ಗಿಂತ ಹೆಚ್ಚು. ಅದನ್ನು ಅಲುಗಿಸದೆ, ಒಳಗಿನ ಹಗುರವಾದ ಗಾಜುಗಳನ್ನು ಮಾತ್ರ ಸರಿಸುವ ರಚನೆಯನ್ನು ನಿಕಾನ್ ಮೊದಲಾದ ಸಂಸ್ಥೆಗಳು 1970ರ ದಶಕದಲ್ಲಿಯೇ ಬಳಕೆಗೆ ತಂದಿದ್ದುವು. ಆಗ ಅವರ ದೃಷ್ಟಿಯಲ್ಲಿದ್ದುದು ಛಾಯಾಗ್ರಾಹಕನ ಕೈಗೆ ಅನುಕೂಲ. ಮುಂದೆ ಮೋಟಾರಿಗೆ ಅದೇ ಉಪಕಾರವಾಯಿತು. ಮೋಟಾರನ್ನು ಹೊಗಳುವವರು ಈ ಋಣವನ್ನು ನೆನೆಯುವುದು ವಿರಳ.

ಇನ್ನು 1987ರ ಮಾತು. ಆ ವರ್ಷದ ಮಾರ್ಚಿಯಲ್ಲಿ ಬಂದ ಇಒಎಸ್ 650 ಕ್ಯಾಮರಾದಲ್ಲಿ ಒಡಲಿಗೂ ಮಸೂರಕ್ಕೂ ನಡುವೆ ವಿದ್ಯುತ್ ಸಂಪರ್ಕವಲ್ಲದೆ ಯಾಂತ್ರಿಕ ಕೊಂಡಿಯೇ ಇರಲಿಲ್ಲ. ವರ್ಷಾಂತ್ಯದೊಳಗೆ ಬಂದ 300 ಮಿ.ಮೀ. ಎಫ್/2.8 ಮಸೂರವು ಅಲ್ಟ್ರಾಸಾನಿಕ್ ಮೋಟಾರನ್ನುಳ್ಳ ಮೊದಲನೆಯ ಮಸೂರ. ಉಂಗುರಾಕಾರದ ಈ ಮೋಟಾರಿಗೆ ಹಲ್ಲುಚಕ್ರಗಳ ಹಂಗಿಲ್ಲ. ತಕ್ಷಣ ಹೊರಡುತ್ತದೆ, ತಕ್ಷಣ ನಿಲ್ಲುತ್ತದೆ. ಮುಂದಿನ ದಶಕದಲ್ಲಿ ಕ್ರೀಡಾಂಗಣಗಳ ಅಂಚಿನಲ್ಲಿ ಕ್ಯಾನನ್ನಿನ ಬಿಳಿಯ ಮಸೂರಗಳು ಸಾಲಾಗಿ ನಿಂತುದು ಇದರ ಫಲ. ಆದರೆ ಹಳೆಯ ಎಫ್‌ಡಿ ಮಸೂರಗಳು ಹೊಸ ಕ್ಯಾಮರಾಕ್ಕೆ ಹೊಂದಲಿಲ್ಲ. ಹಲವು ವರ್ಷಗಳ ಸಂಪಾದನೆಯನ್ನು ಅವುಗಳಲ್ಲಿ ತೊಡಗಿಸಿದ್ದವರ ಪಾಲಿಗೆ ಇದು ಸಣ್ಣ ನಷ್ಟವಲ್ಲ. ನಿಕಾನ್ ಸಂಸ್ಥೆಯಾದರೋ 1959ರ ಎಫ್ ಮೌಂಟನ್ನು ಬಿಡಲೊಲ್ಲದೆ, 1992ರಲ್ಲಿ ದೊಡ್ಡ ಟೆಲಿಫೋಟೊಗಳಿಗೆ ಮೋಟಾರನ್ನು ಅಳವಡಿಸಿ, 1996ರಲ್ಲಿ ತನ್ನದೇ ಅಲ್ಟ್ರಾಸಾನಿಕ್ ಮೋಟಾರನ್ನು ತಂದಿತು. ಅದೇ 1996ರ ನಿಕಾನ್ ಎಫ್5 ಕ್ಯಾಮರಾದ ಬಲವಾದ ಮೋಟಾರು ಹಳೆಯ ತಿರುಪಿನ ಮಸೂರಗಳನ್ನೂ ಮೊದಲಿಗಿಂತ ಚುರುಕಾಗಿ ನಡೆಸಿತೆಂಬುದನ್ನು ಇಲ್ಲಿ ಹೇಳಬೇಕು. ಮಸೂರ ಬದಲಾಗಲಿಲ್ಲ; ವೇಗ ಬದಲಾಯಿತು.

ಹಾಗಾದರೆ ಹೋಲಿಸುವವರು ಅಳೆಯುವುದೇನನ್ನು? ಹತ್ತಿರದ ಗೋಡೆಯಿಂದ ದೂರದ ಮರಕ್ಕೆ ಮಸೂರವನ್ನು ಓಡಿಸಿ ಕಾಲವೆಣಿಸುವುದು ಒಂದು ರೂಢಿ. ಹಾರುವ ಹಕ್ಕಿಯ ಚಿತ್ರ ತೆಗೆಯುವವನಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಕ್ಯಾನನ್ನಿನ 1993ರ 400 ಮಿ.ಮೀ. ಎಫ್/5.6 ಮಸೂರವನ್ನೂ 1998ರ 100ರಿಂದ 400 ಮಿ.ಮೀ. ಜೂಮ್ ಮಸೂರವನ್ನೂ ಒಂದೇ ಕ್ಯಾಮರಾಕ್ಕೆ ಹಾಕಿ ನಾವು ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ನೋಡಿದುದುಂಟು. ಬಯಲಾದ ಆಕಾಶದಲ್ಲಿ ಇವೆರಡರ ಅಂತರ ನಮ್ಮ ಕಣ್ಣಿಗೆ ಅಲ್ಪ. ಆದರೆ ರೀವ ಹಕ್ಕಿಯು ನೀರಿಗೆರಗುವಾಗ ಫೋಕಸ್ ತಪ್ಪಿ ಹಿಂದಣ ಬಿದಿರುಮೆಳೆಗೆ ಅಂಟಿಕೊಂಡಿತೆಂದರೆ, ಮಸೂರ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಅಲೆದು ಬರುವಷ್ಟರಲ್ಲಿ ಹಕ್ಕಿ ಹೋಗಿಬಿಟ್ಟಿರುತ್ತದೆ. ಅಲ್ಲಿ ನೆರವಾದುದು ಮೋಟಾರಲ್ಲ, ಮಸೂರದ ಪಕ್ಕದ ಒಂದು ಗುಂಡಿ: 400 ಮಿ.ಮೀ. ಮಸೂರದಲ್ಲಿ ಅದು ಹುಡುಕಾಟವನ್ನು 8.5 ಮೀಟರಿನಿಂದಾಚೆಗೆ ಸೀಮಿತಗೊಳಿಸುತ್ತದೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ (1932–2017) ತಲೆಮಾರಿನವರು ಆಟೊಫೋಕಸ್ ಬರುವ ಮುನ್ನವೇ ವನ್ಯಜೀವಿಗಳ ಉತ್ತಮ ಚಿತ್ರಗಳನ್ನು ತೆಗೆದಿದ್ದರು ಎಂಬುದನ್ನೂ ಪ್ರಾಸಂಗಿಕವಾಗಿ ನೆನೆಯಬಹುದು.

ವೇಗವನ್ನು ತಯಾರಕರೇ ಬೇಕೆಂದು ತಗ್ಗಿಸಿದ ನಿದರ್ಶನವೂ ಇದೆ. ಕ್ಯಾನನ್ನಿನ 1.4 ಪಟ್ಟಿನ ಎಕ್ಸ್‌ಟೆಂಡರನ್ನು ಮಸೂರದ ಹಿಂದೆ ಜೋಡಿಸಿದರೆ ಚಾಲನೆಯ ವೇಗ ಶೇಕಡ 50ರಷ್ಟೂ, 2 ಪಟ್ಟಿನದನ್ನು ಜೋಡಿಸಿದರೆ ಶೇಕಡ 75ರಷ್ಟೂ ಇಳಿಯುವಂತೆ ಏರ್ಪಾಡು ಮಾಡಲಾಗಿದೆ. ಮೋಟಾರು ಅಶಕ್ತವೆಂದಲ್ಲ, ನಾಭಿದೂರ ಹೆಚ್ಚಿದಾಗ ನಿಖರತೆ ಕೆಡಬಾರದೆಂದು.

ಡಿಜಿಟಲ್ ಕಾಲದ ಅನುಭವವೂ ಬೇರೆಯಲ್ಲ. 2007ರ ಇಒಎಸ್-1ಡಿ ಮಾರ್ಕ್ 3 ಕ್ಯಾಮರಾ ಸೆಕೆಂಡಿಗೆ 10 ಚಿತ್ರ ತೆಗೆಯಬಲ್ಲದಾಗಿದ್ದರೂ, ಅದರ ಫೋಕಸಿನ ಬಗೆಗೆ ದೂರುಗಳೆದ್ದು, ಒಳಗಿನ ಉಪದರ್ಪಣವನ್ನು ಸರಿಪಡಿಸಿಕೊಡುವುದಾಗಿ ಕ್ಯಾನನ್ ಸಂಸ್ಥೆಯೇ ಪ್ರಕಟಿಸಬೇಕಾಯಿತು. ಮಸೂರಗಳು ಅವೇ ಇದ್ದುವು. 2017ರ ಸೋನಿ ಎ9 ಕ್ಯಾಮರಾದಲ್ಲಿ ದರ್ಪಣವೇ ಇಲ್ಲ. ಅದು ಸೆಕೆಂಡಿಗೆ 60 ಸಲ ಫೋಕಸಿನ ಲೆಕ್ಕ ಹಾಕುತ್ತದೆ. ಮರುವರ್ಷ ಬಂದ ಸೋನಿಯ 400 ಮಿ.ಮೀ. ಎಫ್/2.8 ಮಸೂರದಲ್ಲಿ ಉಂಗುರ ಮೋಟಾರಿನ ಬದಲು ನೇರವಾಗಿ ಚಲಿಸುವ ಲೀನಿಯರ್ ಮೋಟಾರುಗಳನ್ನು ಅಳವಡಿಸಿದರು.

ಎಫ್ ಮೌಂಟನ್ನು ಉಳಿಸಿಕೊಂಡು ಗ್ರಾಹಕರ ಹಿತ ಕಾದಿತೆಂದು ನಿಕಾನ್ ಸಂಸ್ಥೆಯನ್ನು ಪ್ರಶಂಸಿಸುವುದುಂಟು. 2006ರ ಡಿ40 ಕ್ಯಾಮರಾದಿಂದ ಒಡಲಿನ ಮೋಟಾರನ್ನು ತೆಗೆದುಹಾಕಿದಾಗ ತಿರುಪಿನ ಮಸೂರಗಳು ಅದರಲ್ಲಿ ತಾವಾಗಿ ಫೋಕಸ್ ಮಾಡದಂತಾದುವು. 2018ರಲ್ಲಿ ಝಡ್ ಕ್ಯಾಮರಾಗಳೊಡನೆ ಬಂದ ಎಫ್‌ಟಿಝಡ್ ಅಡಾಪ್ಟರಿನಲ್ಲಿಯೂ ಮೋಟಾರಿಲ್ಲ. ಕ್ಯಾನನ್ನಿನ ಗ್ರಾಹಕರು 1987ರಲ್ಲಿ ಒಮ್ಮೆಗೆ ತೆತ್ತುದನ್ನು ಇವರು ಮೂವತ್ತು ವರ್ಷಗಳ ಅವಧಿಯಲ್ಲಿ ಕಂತುಕಂತಾಗಿ ತೆತ್ತರು. ಎಫ್5ರ ಮೇಲೆ ಚುರುಕಾಗಿದ್ದ ಅದೇ 300 ಮಿ.ಮೀ. ತಿರುಪಿನ ಮಸೂರವನ್ನು ಈ ಅಡಾಪ್ಟರಿಗೆ ಜೋಡಿಸಿದವರು ಉಂಗುರವನ್ನು ಕೈಯಿಂದಲೇ ತಿರುಗಿಸಬೇಕಾಗಿದೆ.