ಕೈ ಕೆಸರಾಗುವುದಾದರೂ ಹೇಗೆ?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಹತ್ತನೇ ತರಗತಿಯ ಮಕ್ಕಳೂ ಎಲ್ಲರಂತೆ ಕನ್ನಡ ಪರೀಕ್ಷೆಗೆ ಗಾದೆ ವಿಸ್ತರಣೆ ಕಲಿಯುತ್ತಾರೆ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಶುರುಮಾಡಿ, ದುಡಿಮೆಯನ್ನು ಹೊಗಳಿ ಮುಗಿಸುವುದು ರೂಢಿ. ‘ಕೈ ಕೆಸರಾದರೆ ಬಾಯಿ ಮೊಸರು’ ಬಂತೆಂದರೆ ಹಬ್ಬ. ನನಗೆ ಮಾತ್ರ ಒಂದು ಪ್ರಶ್ನೆ ಕಾಡುತ್ತದೆ: ಪಾವಗಡದ ಹೊಲದಲ್ಲಿ ಕೈ ಕೆಸರಾಗುವುದಾದರೂ ಹೇಗೆ? ಕೆಸರಿಗೆ ಮಣ್ಣಷ್ಟೇ ಸಾಲದು, ನೀರೂ ಬೇಕು.

1876ರಿಂದ 1878ರವರೆಗೆ ಇಲ್ಲಿ ಆ ನೀರೇ ಇರಲಿಲ್ಲ. ಧಾತು ಸಂವತ್ಸರದಲ್ಲಿ ಶುರುವಾದ ಆ ಬರಕ್ಕೆ ಮೊದಲು, 1871ರಲ್ಲಿ, ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ ಅದು ಸುಮಾರು 42 ಲಕ್ಷ. ಸತ್ತವರು ಸೋಮಾರಿಗಳಾಗಿರಲಿಲ್ಲ.

ಹಾಗಾದರೆ ಗಾದೆ ಸುಳ್ಳೇ? ಅಲ್ಲ. ಅದಕ್ಕೆ ಎದುರಾಡುವ ಗಾದೆಯೂ ಕನ್ನಡದಲ್ಲೇ ಇದೆ: ‘ಬೇಸಾಯ, ನೀ ಸಾಯ, ಮನೆಮಂದಿಯೆಲ್ಲ ಸಾಯ.’ ಉಂಡಾಡಿ ಮಗನಿಗೆ ಅಪ್ಪ ‘ಕೈ ಕೆಸರಾದರೆ’ ಅಂದರೆ ಬುದ್ಧಿಮಾತು. ಅದನ್ನೇ ಮಳೆ ಕೈಕೊಟ್ಟ ವರ್ಷ ಸಾಲ ಕೊಟ್ಟವನು ರೈತನಿಗೆ ಅಂದರೆ ಅವಮಾನ. ಪದ ಒಂದೂ ಬದಲಾಗಿಲ್ಲ, ಆಡಿದ ಬಾಯಿ ಬೇರೆ.

ಸ್ಪಾನಿಷ್ ಭಾಷೆಯಲ್ಲೂ ಇದೇ ಜಗಳವಿದೆ. ಬೇಗ ಏಳುವವನಿಗೆ ದೇವರು ನೆರವಾಗುತ್ತಾನೆ ಅನ್ನುತ್ತದೆ ಒಂದು ಗಾದೆ. ಎಷ್ಟು ಬೇಗ ಎದ್ದರೂ ಬೆಳಗು ಬೇಗ ಆಗುವುದಿಲ್ಲ ಅನ್ನುತ್ತದೆ ಇನ್ನೊಂದು. ಸಾಂತಿಯಾನಾದ ಮಾರ್ಕೀಸನ ಹೆಸರಿನಲ್ಲಿ 1508ರಲ್ಲಿ ಅಚ್ಚಾದ ಗಾದೆ ಸಂಗ್ರಹದ ಶೀರ್ಷಿಕೆಯ ಅರ್ಥ, ಮುದುಕಿಯರು ಬೆಂಕಿಯ ಮುಂದೆ ಕೂತು ಹೇಳುವ ಗಾದೆಗಳು ಎಂದು. ಹೇಳಿದವರು ಯಾರು, ಎಲ್ಲಿ ಕೂತು ಹೇಳಿದರು ಎಂಬುದು ಪುಸ್ತಕದ ಹೆಸರಿನಲ್ಲೇ ಉಳಿಯಿತು. ನಮ್ಮಲ್ಲಿ 1894ರ ಕಿಟೆಲ್ ನಿಘಂಟು ಪದಗಳ ಬಳಕೆ ತೋರಿಸಲು ಗಾದೆಗಳನ್ನು ಧಾರಾಳವಾಗಿ ಕೊಟ್ಟಿತು. ದೊಡ್ಡ ಉಪಕಾರವೇ. ಆದರೆ ಅಲ್ಲಿ ಗಾದೆಯ ಪಕ್ಕದಲ್ಲಿ ಅರ್ಥವಿರುತ್ತದೆ, ಆಡಿದ ಮುದುಕಿ ಇರುವುದಿಲ್ಲ.

ಪರೀಕ್ಷೆಗೆ ಅಷ್ಟಾಗಿ ಸಿಕ್ಕದೆ ಉಳಿದವು ಮಳೆ ಗಾದೆಗಳು. ‘ಆರಿದ್ರೆ ಮಳೆ ಆರದೆ ಹುಯ್ಯುತ್ತೆ’ ಎಂಬುದು ಜೂನ್ ಕೊನೆಯ ಮಲೆನಾಡಿಗೆ ಒಪ್ಪುವ ಮಾತು. ಈ ಕಡೆ ಮಳೆ ಕೂಡಿಬರುವುದು ಸೆಪ್ಟೆಂಬರ್ ಹೊತ್ತಿಗೆ. ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆಮಗ ಉಂಡಷ್ಟು ಒಳ್ಳೇದು’ ಎಂಬುದು ಇಲ್ಲಿಗೇ ಹೇಳಿ ಮಾಡಿಸಿದಂತಿದೆ. ಮಘೆ ಬರುವುದು ಆಗಸ್ಟ್ ಎರಡನೇ ಅರ್ಧದಲ್ಲಿ. ಜುಲೈನಲ್ಲಿ ಬಿತ್ತಿದ ಕಡಲೆಕಾಯಿ ಆಗ ಹೂವಾಡುತ್ತಿರುತ್ತದೆ. ಹೂವಿನಿಂದ ಇಳಿದ ಎಳೆ ನೆಲದೊಳಗೆ ಹೊಕ್ಕು ಕಾಯಿ ಕಟ್ಟಲು ಮಣ್ಣು ಮೆದುವಾಗಿರಬೇಕು. ದುಡಿದರೆ ಸಾಕು ಎಂದು ಈ ಗಾದೆ ಎಲ್ಲೂ ಹೇಳುವುದಿಲ್ಲ.

ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಈಗ ಸೌರ ಫಲಕಗಳಿವೆ. ಭೂಮಿ ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ನಿಗದಿಯಾಯಿತು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಕೆಸರಿಲ್ಲದೆ ಮೊಸರು ಎಂದು ನಗಬಹುದು. ಬರ ಕಂಡವರಿಗೆ ಅದು ಸಣ್ಣ ಸಮಾಧಾನವೂ ಅಲ್ಲ. ಆದರೆ ಆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಿಗೆ ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಕೂಲಿಗೆ ಬರುತ್ತಿದ್ದ ಹೆಂಗಸರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ.